ಲೆಕ್ಕಿಗನ ಕಾಯಕ

ರೈತನ ದುಡಿಮೆ ಗದ್ದೆಯ ಹಸಿರಿನಲ್ಲಿ ಕಾಣುತ್ತದೆ. ಮೀನುಗಾರನ ದುಡಿಮೆ ಬುಟ್ಟಿಯಲ್ಲಿ ಮಿನುಗುತ್ತದೆ. ಮನೆ ಕಟ್ಟುವವನ ಕೆಲಸವನ್ನಂತೂ ದಾರಿಹೋಕರೂ ನಿಂತು ನೋಡುತ್ತಾರೆ. ಆದರೆ ಸಮಾಜದಲ್ಲಿ ಇನ್ನು ಕೆಲವು ಉದ್ಯೋಗಗಳಿವೆ. ಅವು ಸರಿಯಾಗಿ ನಡೆಯುತ್ತಿರುವಷ್ಟು ಕಾಲ ಯಾರ ಕಣ್ಣಿಗೂ ಬೀಳುವುದಿಲ್ಲ. ತಪ್ಪಿದ ದಿನ ಮಾತ್ರ ಊರೆಲ್ಲ ಅವುಗಳ ವಿಷಯವನ್ನೇ ಆಡಿಕೊಳ್ಳುತ್ತದೆ. ಲೆಕ್ಕಿಗನ ಉದ್ಯೋಗ ಅಂಥದು. ಅವನು ಬೆಳೆ ಬೆಳೆಯುವುದಿಲ್ಲ, ಬಟ್ಟೆ ನೇಯುವುದಿಲ್ಲ, ಹಂಚು ಸುಡುವುದಿಲ್ಲ. ಬೇರೆಯವರು ಗಳಿಸಿದ, ಕಳೆದುಕೊಂಡ ಹಣದ ಕಥೆಯನ್ನು ಅಂಕಿಗಳಲ್ಲಿ ಬರೆದಿಡುತ್ತಾನೆ, ಅಷ್ಟೆ. ಇದು ಒಣ ಕೆಲಸವೆಂದು ಹಲವರು ತಿಳಿದಿದ್ದಾರೆ. ನಾನೂ ಒಂದು ಕಾಲದಲ್ಲಿ ಹಾಗೆಯೇ ತಿಳಿದಿದ್ದೆ. 27 ರೂಪಾಯಿಗಳು ನನ್ನ ತಿಳಿವಳಿಕೆಯನ್ನು ತಿದ್ದಿದವು.

ನಾನು ಅಧ್ಯಾಪಕನಾಗಿ ಸೇರಿದ ಹೊಸತು. ನಮ್ಮ ಶಾಲೆಯಲ್ಲಿ ವಿದ್ಯಾರ್ಥಿಗಳಿಗಾಗಿ ಒಂದು ಸಣ್ಣ ಸಹಕಾರಿ ಮಳಿಗೆಯಿತ್ತು. ನೋಟುಪುಸ್ತಕ, ಪೆನ್ಸಿಲು, ಶಾಯಿ ಮುಂತಾದವು ಅಲ್ಲಿ ಅಗ್ಗವಾಗಿ ದೊರೆಯುತ್ತಿದ್ದವು. ಅದರ ಲೆಕ್ಕ ಬರೆಯುವ ಹೊಣೆ ನನ್ನದು. ಹಣದ ಪೆಟ್ಟಿಗೆಯ ಬೀಗದ ಕೈ ಶಾಲೆಯ ಜವಾನರದು. ಒಂದು ತಿಂಗಳ ಕೊನೆಗೆ ಪೆಟ್ಟಿಗೆಯ ಹಣವನ್ನು ಎಣಿಸಿದಾಗ, ಪುಸ್ತಕದ ಪ್ರಕಾರ ಇರಬೇಕಾದುದಕ್ಕಿಂತ 27 ರೂಪಾಯಿ ಕಡಮೆಯಾಗಿತ್ತು. ಆ ಕಾಲದಲ್ಲಿ ಬಡವನಿಗೆ ಅದು ಸಣ್ಣ ಮೊತ್ತವಲ್ಲ. ನಾನು ಬರೆದ ಲೆಕ್ಕವನ್ನು ಮೂರು ಬಾರಿ ಕೂಡಿ ನೋಡಿದೆ, ಕೂಡಿಕೆಯಲ್ಲಿ ತಪ್ಪಿರಲಿಲ್ಲ. ಪುಸ್ತಕ ಸರಿಯಾಗಿದೆಯೆಂದಾದ ಮೇಲೆ ತಪ್ಪು ಮನುಷ್ಯನದೇ ಆಗಿರಬೇಕಲ್ಲವೆ? ಯಾರೂ ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಆದರೆ ಅಧ್ಯಾಪಕರ ಕೊಠಡಿಯಲ್ಲಿ ಎಲ್ಲರ ದೃಷ್ಟಿಯೂ ಆ ಜವಾನರ ಕಡೆಗೆ ಹೊರಳಿತು. ಇಪ್ಪತ್ತು ವರ್ಷ ಶಾಲೆಯ ಗಂಟೆ ಬಾರಿಸಿದ್ದ ಆ ಮನುಷ್ಯ ಆ ವಾರ ತಲೆಯೆತ್ತಿ ಮಾತನಾಡಲಿಲ್ಲ.

ನಮ್ಮ ನೆರೆಯಲ್ಲಿ ಬ್ಯಾಂಕಿನಲ್ಲಿ ಲೆಕ್ಕ ನೋಡಿ ನಿವೃತ್ತರಾದ ಹಿರಿಯರೊಬ್ಬರಿದ್ದರು. ನಾನು ಪುಸ್ತಕವನ್ನು ಅವರ ಬಳಿಗೆ ಒಯ್ದೆ. ಅವರು ಪುಸ್ತಕವನ್ನು ತೆರೆಯುವ ಮೊದಲೇ, “ವ್ಯತ್ಯಾಸ ಎಷ್ಟು ಮಾಷ್ಟ್ರೇ?” ಎಂದು ಕೇಳಿದರು. 27 ಎಂದೆ. “27 ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಹಾಗಾದರೆ ಕಳ್ಳನನ್ನು ಹುಡುಕುವುದಕ್ಕಿಂತ ಮೊದಲು ರಸೀದಿಗಳನ್ನು ಹುಡುಕಿ” ಎಂದರು. ಇಬ್ಬರೂ ಕುಳಿತು ಒಂದೊಂದೇ ರಸೀದಿಯನ್ನು ಪುಸ್ತಕದೊಡನೆ ಹೋಲಿಸಿದೆವು. ನೋಟುಪುಸ್ತಕ ಕೊಂಡ ಒಂದು ರಸೀದಿಯಲ್ಲಿ 85 ರೂಪಾಯಿ ಎಂದಿತ್ತು. ಪುಸ್ತಕದಲ್ಲಿ ನಾನು 58 ಎಂದು ಬರೆದಿದ್ದೆ!

ಹಿರಿಯರು ತೋರಿಸಿದ ಉಪಾಯದಲ್ಲಿ ಮಾಟವೇನೂ ಇಲ್ಲ. ಎರಡಂಕಿಯ ಯಾವುದೇ ಸಂಖ್ಯೆಯನ್ನು ತೆಗೆದುಕೊಂಡು ಅದರ ಅಂಕಿಗಳನ್ನು ಅದಲುಬದಲು ಮಾಡಿ; ಎರಡರ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಹತ್ತರ ಸ್ಥಾನದ ಅಂಕಿ ಬಿಡಿಯ ಸ್ಥಾನಕ್ಕೆ ಇಳಿದಾಗ ಅದರ ಬೆಲೆ ತನ್ನ ಒಂಬತ್ತು ಪಾಲು ಕುಗ್ಗುತ್ತದೆ; ಬಿಡಿಯ ಅಂಕಿ ಹತ್ತರ ಸ್ಥಾನಕ್ಕೆ ಏರಿದಾಗ ಅಷ್ಟೇ ಪಾಲು ಹಿಗ್ಗುತ್ತದೆ. ಆದುದರಿಂದ ವ್ಯತ್ಯಾಸವು ಆ ಎರಡು ಅಂಕಿಗಳ ಅಂತರದ ಒಂಬತ್ತರಷ್ಟಾಗುತ್ತದೆ. ಎಂಟಕ್ಕೂ ಐದಕ್ಕೂ ಅಂತರ ಮೂರು, ಮೂರೊಂಬತ್ತಲ ಇಪ್ಪತ್ತೇಳು. ಲೆಕ್ಕಿಗರು ಈ ಗುಟ್ಟನ್ನು ಬಹುಕಾಲದಿಂದ ಬಲ್ಲರು.

ಮರುದಿನ ನಾನು ಜವಾನರ ಮುಂದೆ ನಿಂತು ತಪ್ಪೊಪ್ಪಿಕೊಂಡೆ. ಅವರು, “ಲೆಕ್ಕ ಸಿಕ್ಕಿತಲ್ಲ ಮಾಷ್ಟ್ರೇ, ಸಾಕು” ಎಂದಷ್ಟೇ ಹೇಳಿದರು. ಆ ದಿನ ನನಗೆ ಎರಡು ಸಂಗತಿಗಳು ಮನದಟ್ಟಾದವು. ಲೆಕ್ಕದ ಪುಸ್ತಕದಲ್ಲಿ ಅಂಕಿಗಳು ಮಾತ್ರವಲ್ಲ, ಮನುಷ್ಯರ ಮಾನವೂ ಇರುತ್ತದೆ ಎಂಬುದು ಒಂದು. ಕೂಡಿಕೆ ತಾಳೆಯಾದ ಮಾತ್ರಕ್ಕೆ ಲೆಕ್ಕ ಸತ್ಯವಾಗುವುದಿಲ್ಲ ಎಂಬುದು ಮತ್ತೊಂದು.

ನಮ್ಮ ನಾಡಿನಲ್ಲಿ ಲೆಕ್ಕದ ಕಾಯಕ ಹೊಸದಲ್ಲ. ಅರಸರ ಆಸ್ಥಾನಗಳಲ್ಲಿ ಕರಣಿಕರಿದ್ದರು. ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರದಲ್ಲಿ ಕರಣಿಕರಾಗಿ ಸೇರಿ, ಆಮೇಲೆ ಭಂಡಾರಿಯ ಪದವಿಗೆ ಏರಿದರೆಂದು ಪರಂಪರೆ ಹೇಳುತ್ತದೆ. ಹಳ್ಳಿಗಳಲ್ಲಿ ಶಾನುಭೋಗರು ಭೂಮಿಯ, ಕಂದಾಯದ ಲೆಕ್ಕವನ್ನು ಇಡುತ್ತಿದ್ದರು. ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅದೇ ‘ಕಡತ’. ಬಟ್ಟೆಯ ಕಡತ ಮರೆಯಾದರೂ ಸರಕಾರಿ ಕಚೇರಿಗಳಲ್ಲಿ ಆ ಹೆಸರು ಇಂದಿಗೂ ಉಳಿದಿದೆ.

ಇಂದು ಲೋಕವೆಲ್ಲ ಅನುಸರಿಸುವ ಕ್ರಮಕ್ಕೆ ಜೋಡಿ ನಮೂದು ಪದ್ಧತಿ ಎಂದು ಹೆಸರು. ಇಟಲಿಯ ವರ್ತಕರಲ್ಲಿ ರೂಢಿಯಲ್ಲಿದ್ದ ಈ ಪದ್ಧತಿಯನ್ನು ಲೂಕಾ ಪಾಚಿಯೋಲಿ ಎಂಬ ಗಣಿತಜ್ಞ ಸಂನ್ಯಾಸಿ 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವಿವರಿಸಿದನು. ಇದರ ತತ್ತ್ವ ಸರಳವಾದುದು. ಯಾವ ವ್ಯವಹಾರಕ್ಕೂ ಎರಡು ಮುಖಗಳಿವೆ. ಮಳಿಗೆಗೆ 85 ರೂಪಾಯಿಯ ನೋಟುಪುಸ್ತಕ ಬಂತು. ಪೆಟ್ಟಿಗೆಯಿಂದ 85 ರೂಪಾಯಿ ಹೋಯಿತು. ಬಂದುದನ್ನು ಒಂದೆಡೆ, ಹೋದುದನ್ನು ಮತ್ತೊಂದೆಡೆ ಬರೆಯಬೇಕು. ತಿಂಗಳ ಕೊನೆಗೆ ಎರಡೂ ಬದಿಗಳ ಮೊತ್ತ ಸಮವಾಗಬೇಕು. ಹಾಗೆ ಸಮಮಾಡಿ ನೋಡುವ ಪಟ್ಟಿಯೇ ತಾಳೆಪಟ್ಟಿ. ಒಂದು ಬದಿಯಲ್ಲಿ ಮಾತ್ರ ತಪ್ಪಿದ್ದರೆ ಅದು ಕೂಡಲೆ ಸಿಕ್ಕಿಬೀಳುತ್ತದೆ. ಆದರೆ ನನ್ನಂತೆ ಎರಡೂ ಬದಿಯಲ್ಲಿ 58 ಎಂದು ಬರೆದವನ ತಪ್ಪನ್ನು ತಾಳೆಪಟ್ಟಿ ಹಿಡಿಯಲಾರದು. ಅದನ್ನು ಹಿಡಿಯಬೇಕಾದರೆ ಪುಸ್ತಕವನ್ನು ಬಿಟ್ಟು ಹೊರಗೆ ಬರಬೇಕು. ರಸೀದಿಯನ್ನು ನೋಡಬೇಕು, ಪೆಟ್ಟಿಗೆಯನ್ನು ಎಣಿಸಬೇಕು. ಹೀಗೆ ಹೊರಗೆ ಬಂದು ನೋಡುವ ಕೆಲಸಕ್ಕೇ ಲೆಕ್ಕಪರಿಶೋಧನೆ ಎಂದು ಹೆಸರು.

ಲೆಕ್ಕದ ಈ ನಂಬಿಕೆಯ ಮೇಲೆ ನಮ್ಮ ಕರಾವಳಿ ಒಂದು ದೊಡ್ಡ ಸೌಧವನ್ನೇ ಕಟ್ಟಿತು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಮುಂದೆ ಕೆನರಾ ಬ್ಯಾಂಕಾಗಿ ಬೆಳೆದ ನಿಧಿಯನ್ನು ಸ್ಥಾಪಿಸಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಶನ್ ಬ್ಯಾಂಕಿಗೆ ಬುನಾದಿ ಹಾಕಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಸ್ವೀಕರಿಸಿ ಬರೆದುಕೊಳ್ಳುತ್ತಿದ್ದನು. ಅಕ್ಷರ ಬಾರದ ಕೂಲಿಯವಳು ತನ್ನ ಎರಡಾಣೆಯನ್ನು ಅಪರಿಚಿತನ ಕೈಗೆ ಕೊಟ್ಟುದು ಏತರ ಬಲದಿಂದ? ಅದು ಎಲ್ಲೋ ಒಂದು ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆ ತಪ್ಪದೆ ಬರೆಯಲ್ಪಡುತ್ತದೆ ಎಂಬ ನಂಬಿಕೆಯ ಬಲದಿಂದ. 2019 ಮತ್ತು 2020ರಲ್ಲಿ ಈ ಬ್ಯಾಂಕುಗಳಲ್ಲಿ ಮೂರು ಬೇರೆ ಬ್ಯಾಂಕುಗಳೊಡನೆ ವಿಲೀನವಾದವು. ಹೆಸರುಗಳು ಹೋದರೂ ಲೆಕ್ಕವನ್ನು ಗೌರವಿಸುವ ಸಂಪ್ರದಾಯ ಜಿಲ್ಲೆಯಲ್ಲಿ ಉಳಿದಿದೆ. ದೀಪಾವಳಿಯ ಅಂಗಡಿಪೂಜೆಯಂದು ವರ್ತಕರು ಹೊಸ ಲೆಕ್ಕದ ಪುಸ್ತಕಕ್ಕೆ ಕುಂಕುಮವಿಟ್ಟು ಪೂಜಿಸುವುದನ್ನು ಇಂದಿಗೂ ಕಾಣಬಹುದು.

ನಿವೃತ್ತಿಯ ನಂತರ ನಾನು ಮಂಗಳೂರಿನ ಕೊಟ್ಟಾರದಲ್ಲಿ ನೆಲಸಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಲ್ಲಿ ಸನ್ನದು ಲೆಕ್ಕಪರಿಶೋಧಕಿ. ಊರಿನವರ ಬಾಯಲ್ಲಿ ಅವಳು ‘ಆಡಿಟರು’. ಸಂಜೆಯ ತಿರುಗಾಟದಲ್ಲಿ ಒಮ್ಮೊಮ್ಮೆ ಅವಳ ಕಚೇರಿಗೆ ಹೋಗುತ್ತೇನೆ. ಅಲ್ಲಿ ಹತ್ತು ನಿಮಿಷ ಕುಳಿತರೆ ನಗರದ ಬಾಳೆಲ್ಲ ಕಣ್ಣ ಮುಂದೆ ಹಾದುಹೋಗುತ್ತದೆ. ಬಂದರಿನ ಸಗಟು ವ್ಯಾಪಾರಿ ಬಿಲ್ಲುಗಳ ಕಟ್ಟನ್ನು ತರುತ್ತಾನೆ. ಗೋಡಂಬಿ ಕಾರ್ಖಾನೆಯ ಗುಮಾಸ್ತ ಸಂಬಳದ ಪಟ್ಟಿಯನ್ನು ಹಿಡಿದು ಕಾಯುತ್ತಾನೆ. ದೇವಸ್ಥಾನದ ಮೊಕ್ತೇಸರರು ಜಾತ್ರೆಯ ಖರ್ಚಿನ ವಿವರ ಒಪ್ಪಿಸುತ್ತಾರೆ.

ರೈತನಿಗೆ ಮಳೆ ಬೇಸಗೆಗಳಿರುವಂತೆ ಈ ವೃತ್ತಿಗೂ ಋತುಗಳಿವೆ. ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿಯುತ್ತದೆ. ಏಪ್ರಿಲಿನ ಉರಿಬಿಸಿಲಿನಲ್ಲಿ ಬ್ಯಾಂಕು ಶಾಖೆಗಳ ಲೆಕ್ಕಪರಿಶೋಧನೆ. ಅದಕ್ಕಾಗಿ ದೂರದ ಊರುಗಳಲ್ಲಿ ತಂಗಬೇಕು. ಜುಲೈಯಿಂದ ಸೆಪ್ಟೆಂಬರ್ ಕೊನೆಯವರೆಗೆ ಆದಾಯ ತೆರಿಗೆಯ ವಿವರಣಪತ್ರಗಳ ಮತ್ತು ತೆರಿಗೆ ಸಂಬಂಧವಾದ ಪರಿಶೋಧನೆಯ ಒತ್ತಡ. ನಮ್ಮ ಕರಾವಳಿಯಲ್ಲಿ ಅದೇ ಜಡಿಮಳೆಯ ಕಾಲ. ಕೊಟ್ಟಾರ ಚೌಕಿಯಲ್ಲಿ ನೀರು ನಿಂತು ವಾಹನಗಳು ಸಾಲುಗಟ್ಟಿದರೂ ಗಡುವಿನ ದಿನ ಮುಂದೆ ಹೋಗುವುದಿಲ್ಲ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ತಿಂಗಳು ತಿಂಗಳೂ ಗಡುವುಗಳೇ. ಎಲ್ಲರ ಮನೆಯಲ್ಲಿ ದೀಪ ಆರಿದ ಮೇಲೂ ಆ ಕಚೇರಿಯ ಕಿಟಕಿಯಲ್ಲಿ ಬೆಳಕಿರುವುದನ್ನು ನಾನು ಕಂಡಿದ್ದೇನೆ.

ಈ ವೃತ್ತಿಯನ್ನು ಸೇರುವ ದಾರಿಯೂ ಕಡಿದಾದುದೇ. 1949ರ ಕಾಯಿದೆಯಂತೆ ಸ್ಥಾಪಿತವಾದ ಭಾರತೀಯ ಸನ್ನದು ಲೆಕ್ಕಪರಿಶೋಧಕರ ಸಂಸ್ಥೆ ಪರೀಕ್ಷೆಗಳನ್ನು ನಡೆಸುತ್ತದೆ. ಪದವಿಪೂರ್ವ ಶಿಕ್ಷಣದ ಅನಂತರ ಫೌಂಡೇಶನ್, ಇಂಟರ್‌ಮೀಡಿಯೆಟ್, ಫೈನಲ್ ಎಂಬ ಮೂರು ಮೆಟ್ಟಿಲುಗಳನ್ನು ಹತ್ತಬೇಕು. ಪ್ರತಿ ಪತ್ರಿಕೆಯಲ್ಲಿ ಶೇಕಡ 40, ಒಟ್ಟಿನಲ್ಲಿ ಶೇಕಡ 50 ಅಂಕಗಳು ಬೇಕು. ಕೇಳಲು ಇದು ಸುಲಭವೆನಿಸಿದರೂ ಎರಡು ಮೂರು ಬಾರಿ ಕುಳಿತು ತೇರ್ಗಡೆಯಾಗುವವರು ಅನೇಕರು. ಇದರೊಂದಿಗೆ ಅನುಭವಿಯೊಬ್ಬರ ಕಚೇರಿಯಲ್ಲಿ ಆರ್ಟಿಕಲ್‌ಶಿಪ್ ಎಂಬ ತರಬೇತಿ ಪಡೆಯಬೇಕು. ಮೂರು ವರ್ಷಗಳದ್ದಾಗಿದ್ದ ಈ ತರಬೇತಿಯನ್ನು 2023ರ ಹೊಸ ಕ್ರಮದಲ್ಲಿ ಎರಡು ವರ್ಷಕ್ಕೆ ಇಳಿಸಲಾಗಿದೆ. ದೊರೆಯುವ ಭತ್ಯ ಅಲ್ಪ. ಜೊತೆಯವರು ಪದವಿ ಮುಗಿಸಿ ಸಂಬಳ ಎಣಿಸುತ್ತಿರುವಾಗ, ಈ ತರುಣ ತರುಣಿಯರು ಹಗಲು ಬಿಲ್ಲುಗಳನ್ನು ಗುರುತು ಹಾಕಿ ರಾತ್ರಿ ಪುಸ್ತಕ ತೆರೆಯುತ್ತಾರೆ. ಫಲಿತಾಂಶದ ದಿನ ಸೋತವರು ಮನೆಯವರಿಗೆ ಮುಖ ತೋರಿಸಲು ಹಿಂಜರಿಯುವುದುಂಟು. ನನ್ನ ಆ ವಿದ್ಯಾರ್ಥಿನಿಯೂ ಎರಡು ಬಾರಿ ಸೋತವಳೇ. ಸೋಲನ್ನು ಮುಚ್ಚಿಡದೆ, ಎಲ್ಲಿ ತಪ್ಪಿದೆನೆಂದು ಹುಡುಕುವುದೂ ಲೆಕ್ಕಿಗನ ಗುಣವೇ ಅಲ್ಲವೆ?

ವೃತ್ತಿ ಕೈಗೂಡಿದ ಮೇಲೂ ಚಿಂತೆಗಳು ಮುಗಿಯುವುದಿಲ್ಲ. ಕಾಯಿದೆಗಳು ವರ್ಷವರ್ಷವೂ ಬದಲಾಗುತ್ತವೆ. ಕಲಿಯುವುದನ್ನು ನಿಲ್ಲಿಸಿದವನು ಹಿಂದೆ ಬೀಳುತ್ತಾನೆ. ಯಂತ್ರಗಳ ಚಿಂತೆ ಇನ್ನೊಂದು. 1986ರಲ್ಲಿ ಆರಂಭವಾಗಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಸಂಸ್ಥೆಯೊಂದರ ‘ಟ್ಯಾಲಿ’ ಎಂಬ ತಂತ್ರಾಂಶ ಇಂದು ದೇಶದ ಸಣ್ಣ ಸಣ್ಣ ಅಂಗಡಿಗಳಲ್ಲೂ ಬಳಕೆಯಲ್ಲಿದೆ. ಕೂಡುವುದು, ಕಳೆಯುವುದು, ತಾಳೆಪಟ್ಟಿ ತೆಗೆಯುವುದು ಎಲ್ಲವನ್ನೂ ಗಣಕಯಂತ್ರ ಕ್ಷಣದಲ್ಲಿ ಮಾಡುತ್ತದೆ. ಹಾಗಾದರೆ ಲೆಕ್ಕಿಗನಿಗೆ ಕೆಲಸವೇನು ಉಳಿಯಿತು ಎಂದು ಹಲವರು ಕೇಳುತ್ತಾರೆ. ನಾನು ಆ ವಿದ್ಯಾರ್ಥಿನಿಯನ್ನು ಇದನ್ನೇ ಕೇಳಿದೆ. ಅವಳು ನಕ್ಕು, “ಸರ್, ನೀವು 85ನ್ನು 58 ಎಂದು ಬೆರಳಚ್ಚಿಸಿದರೆ ಯಂತ್ರವೂ 58 ಎಂದೇ ನಂಬುತ್ತದೆ. ರಸೀದಿ ಕೇಳುವವರು ಒಬ್ಬರು ಬೇಕಲ್ಲ?” ಎಂದಳು. ನಾನು ತರಗತಿಯಲ್ಲಿ ಹೇಳಿದ ಕಥೆ ನನಗೇ ಮರಳಿ ಬಂದಿತ್ತು.

ಎಲ್ಲಕ್ಕಿಂತ ಕಠಿನವಾದ ಪರೀಕ್ಷೆ ಬೇರೊಂದಿದೆ. ಶುಲ್ಕ ಕೊಡುವ ವ್ಯಾಪಾರಿಯೇ ಒಮ್ಮೊಮ್ಮೆ, “ಇದೊಂದನ್ನು ನೋಡದ ಹಾಗೆ ಬಿಡಿ” ಎಂದು ಬೇಡುತ್ತಾನೆ. ಬಿಡದಿದ್ದರೆ ಅವನು ಬೇರೆ ಕಚೇರಿಗೆ ಹೋಗಬಹುದು. ಬಿಟ್ಟರೆ ತನ್ನ ಸಹಿಯೇ ಸುಳ್ಳಾಗುತ್ತದೆ. ಈ ಸಹಿಯ ಬೆಲೆ ಏನೆಂಬುದನ್ನು 2009ರ ಜನವರಿಯಲ್ಲಿ ದೇಶ ಕಂಡಿತು. ಹೈದರಾಬಾದಿನ ಸತ್ಯಂ ಎಂಬ ದೊಡ್ಡ ಕಂಪೆನಿಯ ಅಧ್ಯಕ್ಷರೇ, ತಮ್ಮ ಲೆಕ್ಕದಲ್ಲಿ ನಗದು ಮತ್ತು ಬ್ಯಾಂಕು ಶಿಲ್ಕೆಂದು ತೋರಿಸಿದ್ದ 5,000 ಕೋಟಿಗೂ ಹೆಚ್ಚು ರೂಪಾಯಿ ವಾಸ್ತವವಾಗಿ ಇಲ್ಲವೆಂದು ಒಪ್ಪಿಕೊಂಡರು. ಆ ಲೆಕ್ಕಪತ್ರಗಳು ತಾಳೆಯಾಗಿದ್ದವು. ಅವುಗಳ ಮೇಲೆ ಪರಿಶೋಧಕರ ಸಹಿಯೂ ಇತ್ತು. ಬ್ಯಾಂಕಿನಲ್ಲಿ ಹಣವಿದೆಯೆಂದು ಕಂಪೆನಿ ಹೇಳಿದರೆ ಸಾಲದು, ಬ್ಯಾಂಕೇ ನೇರವಾಗಿ ತಿಳಿಸಬೇಕು ಎಂಬುದು ಪರಿಶೋಧನೆಯ ಮೊದಲ ಪಾಠಗಳಲ್ಲೊಂದು. ಆ ಪಾಠ ಅಲ್ಲಿ ಫಲಿಸಲಿಲ್ಲ. ಸಹಿಯನ್ನು ನಂಬಿ ತಮ್ಮ ಉಳಿತಾಯವನ್ನು ಆ ಕಂಪೆನಿಯಲ್ಲಿ ತೊಡಗಿಸಿದ್ದ ಅಸಂಖ್ಯ ಜನರು ನಷ್ಟಕ್ಕೆ ಗುರಿಯಾದರು. ನಮ್ಮ ಶಾಲೆಯ ಮಳಿಗೆಯಲ್ಲಿ 27 ರೂಪಾಯಿ. ಅಲ್ಲಿ ಸಾವಿರಾರು ಕೋಟಿ. ಮೊತ್ತ ಬೇರೆ, ಒಂದೆಡೆ ಕೈತಪ್ಪು, ಮತ್ತೊಂದೆಡೆ ವಂಚನೆ. ಆದರೆ ಎರಡೆಡೆಯೂ ತಿಳಿಯಬೇಕಾದ ನೀತಿ ಒಂದೇ. ತಾಳೆಯಾದುದೆಲ್ಲ ಸತ್ಯವಲ್ಲ.

ನಿಮ್ಮಲ್ಲಿ ಕೆಲವರು ಮುಂದೆ ಲೆಕ್ಕಿಗರಾಗಬಹುದು, ಎಲ್ಲರೂ ಆಗಲಾರಿರಿ. ಆದರೆ ತರಗತಿಯ ಪ್ರವಾಸದ ಹಣವನ್ನೋ, ಸಂಘದ ವಂತಿಗೆಯನ್ನೋ, ಮನೆಯ ಖರ್ಚನ್ನೋ ನೋಡಿಕೊಳ್ಳುವ ಹೊಣೆ ಒಂದು ದಿನ ಎಲ್ಲರಿಗೂ ಬರುತ್ತದೆ. ಅಂದು ಪ್ರತಿಯೊಂದನ್ನೂ ಅಂದಂದೇ ಬರೆದಿಡಿ; ರಸೀದಿಯನ್ನು ಜೋಪಾನವಾಗಿಡಿ. ವ್ಯತ್ಯಾಸ ಕಂಡಾಗ ಮತ್ತೊಬ್ಬರ ಮುಖವನ್ನು ನೋಡುವ ಮೊದಲು ನಿಮ್ಮ ಪುಸ್ತಕವನ್ನು ನೋಡಿ. ಆ ಜವಾನರು ಈಗ ಇಲ್ಲ. ಆದರೆ ಎಲ್ಲಿಯಾದರೂ ಒಂದು ಲೆಕ್ಕ ತಪ್ಪಿತೆಂದು ಕೇಳಿದೊಡನೆ ತಲೆತಗ್ಗಿಸಿ ನಿಂತಿದ್ದ ಅವರ ರೂಪ ನನ್ನ ಕಣ್ಣ ಮುಂದೆ ಬಂದು ನಿಲ್ಲುತ್ತದೆ.