ಮನೆಗೆ ತಕ್ಕ ಗಾಜು

ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತ ಆರ್.ಟಿ. ನಗರದಲ್ಲಿ ಮನೆಗಳು ಒತ್ತೊತ್ತಾಗಿರುವುದರಿಂದ, ಬೆಳಕು ಬೇಕು, ನೆರೆಯವರ ನೋಟ ಬೇಡವೆನ್ನುವ ಗೃಹಿಣಿಯರು ಮಬ್ಬುಗಾಜನ್ನು ಅರಸುವುದು ಸಹಜವೇ. ಮರಳನ್ನು ರಭಸದಿಂದ ಊದಿ ಒರಟುಮಾಡಿದ ಗಾಜಿಗೆ ಎಣ್ಣೆಗೈಯ ಗುರುತು ಬೇಗನೆ ಹತ್ತುವುದು. ಒದ್ದೆಯಾದರೆ ಅದು ತುಸು ಪಾರದರ್ಶಕವೂ ಆಗುವುದು. ಆದಕಾರಣ ಸ್ನಾನಗೃಹದಲ್ಲಿ ಅದರ ಒರಟು ಮುಖವನ್ನು ನೀರು ತಾಕದ ಕಡೆಗೆ ಇಡತಕ್ಕದ್ದು. ಆಮ್ಲದಿಂದ ಮಬ್ಬುಮಾಡಿದ ಗಾಜು ನಯವಾದುದು, ಒರೆಸಲು ಸುಲಭವಾದುದು. ಅಡಿಗೆಮನೆಯ ಕಪಾಟಿಗೆ ನಾನು ಇದನ್ನೇ ಮೆಚ್ಚುವೆನು.

ಆದರೆ ತಾಯಂದಿರೇ, ಮಬ್ಬಾದ ಮಾತ್ರಕ್ಕೆ ಗಾಜು ಬಲವಾಗದು. ಮಕ್ಕಳು ಓಡಾಡುವ ಬಾಗಿಲಿಗೆ, ಕಾಯಿಸಿ ಥಟ್ಟನೆ ತಣಿಸಿದ 'ಟಫನ್ಡ್' ಗಾಜೇ ಬೇಕು. ಒಡೆದರೂ ಅದು ಈಟಿಯಂಥ ಚೂರುಗಳಾಗದೆ ಕಾಳುಕಾಳಾಗಿ ಉದುರುವುದು. ಭಾರತೀಯ ಮಾನಕ ಬ್ಯೂರೋದ ಐ.ಎಸ್. 2553 ಗುರುತನ್ನು ನೋಡಿಯೇ ಕೊಳ್ಳಿರಿ. ಹದಗೊಳಿಸಿದ ಮೇಲೆ ಅದನ್ನು ಕತ್ತರಿಸಲಾಗದು. ಅಳತೆಯನ್ನೂ ಹಿಡಿಕೆಯ ರಂಧ್ರಗಳನ್ನೂ ಮೊದಲೇ ನಿಶ್ಚಯಿಸಿಕೊಳ್ಳಿರಿ.