ಮನೆಗೆ ಮರಳಿದ ಮೇಲಿನ ತಾಲೀಮು

ಔಷಧವನ್ನು ತಪ್ಪದೆ ಸೇವಿಸುವ ರೋಗಿಗಳು ನಮ್ಮಲ್ಲಿ ಬಹುಮಂದಿ; ವ್ಯಾಯಾಮವನ್ನು ತಪ್ಪದೆ ಮಾಡುವವರು ವಿರಳ. ಹೃದಯದ ಚಿಕಿತ್ಸೆಗೆಂದು ಬೆಳಗಾವಿಗೋ ಬೆಂಗಳೂರಿಗೋ ಹೋದವರು ಅಲ್ಲಿ ತಜ್ಞರ ಕಣ್ಣೆದುರಿನಲ್ಲಿ ದಿನದಿನಕ್ಕೆ ನಡಿಗೆಯನ್ನು ಹೆಚ್ಚಿಸಿಕೊಳ್ಳುತ್ತಾರೆ. ಜಮಖಂಡಿಗೋ ಮುಧೋಳಕ್ಕೋ ಬೀಳಗಿಗೋ ಮರಳಿದೊಡನೆ ಮನೆಯವರ ಪ್ರೀತಿ ಅವರನ್ನು ಕಟ್ಟೆಯ ಮೇಲೆ ಕೂರಿಸಿಬಿಡುತ್ತದೆ. "ದಣೀಬ್ಯಾಡ್ರಿ, ಸುಮ್ನ ಕುಂದರ್ರಿ" ಎಂಬ ಕಕ್ಕುಲತೆಯ ಮಾತೇ ಕೇಡಾಗಿ ಪರಿಣಮಿಸುವುದನ್ನು ನಾನು ಕಂಡಿದ್ದೇನೆ.

ಈ ಅಂಜಿಕೆ ನಮ್ಮ ನಾಡಿನದಷ್ಟೇ ಅಲ್ಲ. ಎದೆನೋವಿನ ರೋಗಿಯೊಬ್ಬನು ದಿನಕ್ಕೆ ಅರ್ಧ ಗಂಟೆ ಮರ ಕೊಯ್ದು ಬಹುಮಟ್ಟಿಗೆ ಗುಣಹೊಂದಿದನೆಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್ನರ ಗ್ರಂಥ 1802ರಷ್ಟು ಹಿಂದೆಯೇ ತಿಳಿಸಿತ್ತು. ಆದರೂ 20ನೆಯ ಶತಮಾನದ ನಡುಭಾಗದವರೆಗೆ ಹೃದಯಾಘಾತವಾದವನಿಗೆ ವಾರಗಟ್ಟಲೆ ಹಾಸಿಗೆಯೇ ಗತಿಯಾಗಿತ್ತು. 1953ರಲ್ಲಿ ಜೆರೆಮಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಬಸ್ ನೌಕರರನ್ನು ಪರಿಶೀಲಿಸಿ, ಕುಳಿತೇ ಇರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರರಲ್ಲಿ ಹೃದ್ರೋಗ ಕಡಿಮೆಯೆಂದು ತೋರಿಸಿದರು.

ರಬಕವಿ-ಬನಹಟ್ಟಿಯ ನೇಕಾರರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಕೈಮಗ್ಗದಲ್ಲಿ ಕಾಲು ತುಳಿಯುತ್ತಿತ್ತು, ಕೈ ಲಾಳಿಯಾಡಿಸುತ್ತಿತ್ತು. ವಿದ್ಯುತ್ ಮಗ್ಗ ಬಂದ ಮೇಲೆ ಆ ಚಲನೆ ಯಂತ್ರದ ಪಾಲಾಯಿತು; ಗದ್ದಲವೂ ಹತ್ತಿಯ ಧೂಳೂ ಮನುಷ್ಯನ ಪಾಲಿಗೆ ಉಳಿದವು. ಆ ಧೂಳು ವರ್ಷಗಟ್ಟಲೆ ಒಳಸೇರಿದರೆ ಶ್ವಾಸಕೋಶ ಕೆಡುತ್ತದೆ. ಉಸಿರು ಕಟ್ಟುವುದೆಂದು ನಡಿಗೆ ಬಿಟ್ಟವನ ಕಾಲಿನ ಸ್ನಾಯುಗಳು ಸೊರಗುತ್ತವೆ. ಸೊರಗಿದ ಕಾಲು ಅಷ್ಟೇ ದಾರಿಗೆ ಇನ್ನೂ ಹೆಚ್ಚಿನ ಉಸಿರನ್ನು ಬೇಡುತ್ತದೆ. ಆಸ್ಪತ್ರೆಯಲ್ಲಿ ಗಳಿಸಿದ ಕಸುವು, ಅಭ್ಯಾಸ ನಿಂತ ಕೆಲವೇ ವಾರಗಳಲ್ಲಿ ಇಳಿಯತೊಡಗುತ್ತದೆ.

ಹಾಗಾದರೆ ಅಭ್ಯಾಸವನ್ನು ಉಳಿಸಿಕೊಳ್ಳುವ ಬಗೆ ಯಾವುದು? ನಮ್ಮ ಗರಡಿಮನೆಗಳು ಅದನ್ನು ಎಂದೋ ಬಲ್ಲವು: ನಿಯತವಾದ ಹೊತ್ತು, ಉಸ್ತಾದನ ಕಣ್ಣು, ಜೊತೆಯವರ ಸಂಗ. ರೋಗಿಯು ದಂಡ ಹೊಡೆಯಬೇಕಾಗಿಲ್ಲ, ಕುಸ್ತಿ ಹಿಡಿಯಬೇಕಾಗಿಲ್ಲ. ವೈದ್ಯರು ಒಪ್ಪಿದ ಮಟ್ಟಿಗೆ ಚುರುಕಾಗಿ ನಡೆದರೆ ಸಾಕು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ರೋಗಿಯು ಅಲ್ಲಿಗೆ ಮೆಲ್ಲಮೆಲ್ಲನೆ ಏರಬಹುದು. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು: ಇದೇ ಅಳತೆ. ಎದೆ ನೊಂದರೆ, ತಲೆ ಸುತ್ತಿದರೆ ಒಡನೆ ನಿಲ್ಲಬೇಕು. ನಿಂತರೂ ನೋವು ಶಮನವಾಗದಿದ್ದರೆ ತಡಮಾಡದೆ ಆಸ್ಪತ್ರೆ ಸೇರಬೇಕು. ಬೇಸಗೆಯ ನಮ್ಮ ಸೀಮೆಯಲ್ಲಿ ಬಿಸಿಲೇರುವ ಮುನ್ನವೇ ಹೊರಡುವುದು ಲೇಸು.

ಶಾಲೆಯ ಬಯಲುಗಳು ಮುಂಜಾನೆ ಬರಿದಾಗಿರುತ್ತವೆ. ಉಪಾಧ್ಯಾಯರು ಬಾಗಿಲು ತೆರೆದುಕೊಟ್ಟಾರು; ಓಣಿಯ ನಾಲ್ವರು ಕೂಡಿದರೆ ಒಂದು ತಾಲೀಮು ಆದೀತು. ಒಬ್ಬನು ಬಾರದ ದಿನ ಉಳಿದ ಮೂವರು ಅವನ ಮನೆಯ ಕದ ತಟ್ಟಲಿ. ಮನೆಯವರೂ ಅಂದು ಅವನನ್ನು ತಡೆಯದೆ, ಚಪ್ಪಲಿ ತಂದು ಮುಂದಿಡಲಿ.