ಪದ್ಯದ ಸಾಲು ಸಾಲಾಗಿಯೇ ಉಳಿಯಲಿ

ಭಾಮಿನೀ ಷಟ್ಪದಿಗೆ ಆರು ಸಾಲುಗಳು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ತಲಾ 14 ಮಾತ್ರೆಗಳಿದ್ದರೆ, ಮೂರು ಹಾಗೂ ಆರನೆಯ ಸಾಲುಗಳಲ್ಲಿ 23 ಮಾತ್ರೆಗಳು. ಕುಮಾರವ್ಯಾಸನ ಇಂತಹ ಪದ್ಯವೊಂದನ್ನು ಎಕ್ಸ್‌ಎಂಎಲ್ ಕಡತದಲ್ಲಿ ಅಚ್ಚುಕಟ್ಟಾಗಿ ಸಾಲು ಬಿಡಿಸಿ ಬೆರಳಚ್ಚಿಸಿದ್ದರೂ, ಅದು ಎಚ್‌ಟಿಎಂಎಲ್ ಪುಟವಾಗಿ ತೆರೆದುಕೊಂಡಾಗ ಆರೂ ಸಾಲುಗಳು ಕೂಡಿ ಗದ್ಯದಂತೆ ಕಾಣುವುದುಂಟು. ಷಟ್ಪದಿಯಲ್ಲಿ ಕೆಲವೊಮ್ಮೆ ಪದವೊಂದು ಸಾಲಿನ ಕೊನೆಯಲ್ಲಿ ತುಂಡಾಗಿ ಮುಂದಿನ ಸಾಲಿಗೆ ಸಾಗುತ್ತದೆ. ಸಾಲುಗಳು ಕೂಡಿಕೊಂಡಾಗ ಅಲ್ಲಿ ಖಾಲಿ ಜಾಗ ಬಿದ್ದು ಒಂದು ಪದ ಎರಡಾಗುತ್ತದೆ. ಆದ್ದರಿಂದ ಇದು ಬರಿಯ ಅಂದದ ಪ್ರಶ್ನೆಯಲ್ಲ, ಪಾಠಶುದ್ಧಿಯ ಪ್ರಶ್ನೆ.

ಹೀಗಾಗುವುದೇಕೆ? ಎಕ್ಸ್‌ಎಂಎಲ್ ಓದುವ ತಂತ್ರಾಂಶವು ಪಠ್ಯದೊಳಗಿನ ಸಾಲುಮುರಿತವನ್ನು ಕಳೆಯುವುದಿಲ್ಲ. ರೂಪಾಂತರ ಮಾಡುವ ಎಕ್ಸ್‌ಎಸ್‌ಎಲ್‌ಟಿಯೂ ಸಾಮಾನ್ಯವಾಗಿ ಅದನ್ನು ಹಾಗೆಯೇ ದಾಟಿಸುತ್ತದೆ. ಆದರೆ ಬ್ರೌಸರ್ ಮಾತ್ರ ಸಾಲುಮುರಿತ, ಟ್ಯಾಬ್, ಖಾಲಿ ಜಾಗಗಳು ಒಟ್ಟಿಗೆ ಎಷ್ಟೇ ಬಂದರೂ ಅವನ್ನು ಒಂದೇ ಖಾಲಿ ಜಾಗವೆಂದು ಎಣಿಸುತ್ತದೆ. ಪದ್ಯವನ್ನು ಟ್ಯಾಗಿನ ಆಟ್ರಿಬ್ಯೂಟ್ ಒಳಗೆ ಬರೆದಿದ್ದರೆ ಅಥವಾ ರೂಪಾಂತರದಲ್ಲಿ ನಾರ್ಮಲೈಸ್-ಸ್ಪೇಸ್ ಬಳಸಿದ್ದರೆ, ಬ್ರೌಸರ್ ತಲಪುವ ಮೊದಲೇ ಸಾಲುಮುರಿತ ಅಳಿದಿರುತ್ತದೆ.

ಪರಿಹಾರಗಳು ಮೂರು.

ಮೊದಲನೆಯದು ಸಿಎಸ್‌ಎಸ್. ವೈಟ್-ಸ್ಪೇಸ್ ಗುಣಕ್ಕೆ ಪ್ರಿ-ಲೈನ್ ಎಂಬ ಮೌಲ್ಯ ಕೊಟ್ಟರೆ ಸಾಲುಮುರಿತ ಉಳಿಯುತ್ತದೆ. ಸಾಲಿನ ಮೊದಲಿನ ಖಾಲಿ ಜಾಗವೂ ಬೇಕಿದ್ದರೆ ಪ್ರಿ-ವ್ರ್ಯಾಪ್. ಹಳೆಯ ಪ್ರಿ ಟ್ಯಾಗ್ ಇವೆರಡನ್ನೂ ಉಳಿಸುತ್ತದಾದರೂ ಉದ್ದದ ಸಾಲನ್ನು ಮಡಿಸುವುದಿಲ್ಲ. ಮೊಬೈಲಿನಲ್ಲಿ ಸಾಲು ಪರದೆಯಾಚೆ ಹೋಗುತ್ತದೆ.

ಎರಡನೆಯದು, ರೂಪಾಂತರದ ವೇಳೆಯಲ್ಲೇ ಪ್ರತಿ ಸಾಲುಮುರಿತದ ಜಾಗದಲ್ಲಿ ಬಿಆರ್ ಟ್ಯಾಗ್ ಇಡುವುದು. 1999ರ ಎಕ್ಸ್‌ಎಸ್‌ಎಲ್‌ಟಿ 1.0ರಲ್ಲಿ ಇದಕ್ಕೆ ತನ್ನನ್ನು ತಾನೇ ಕರೆದುಕೊಳ್ಳುವ ಟೆಂಪ್ಲೇಟ್ ಬರೆಯಬೇಕು. 2007ರ 2.0 ಆವೃತ್ತಿಯಲ್ಲಿ ಟೋಕನೈಸ್ ಎಂಬ ಕಾರ್ಯವೇ ಪಠ್ಯವನ್ನು ಸಾಲುಗಳಾಗಿ ಕತ್ತರಿಸಿಕೊಡುತ್ತದೆ. ಬಿಆರ್ ಅನ್ನು ಅಕ್ಷರಮಾಲೆಯಾಗಿ ಸೇರಿಸದೆ ಎಲಿಮೆಂಟ್ ಆಗಿಯೇ ಬರೆಯಬೇಕು. ಇಲ್ಲವಾದರೆ ಓದುಗರಿಗೆ ಟ್ಯಾಗಿನ ಅಕ್ಷರಗಳೇ ಕಾಣುತ್ತವೆ.

ಮೂರನೆಯದು, ಮೂಲ ಕಡತದಲ್ಲೇ ಪ್ರತಿ ಸಾಲಿಗೂ ಪ್ರತ್ಯೇಕ ಟ್ಯಾಗ್ ತೊಡಿಸುವುದು. ಸಾಹಿತ್ಯ ಪಠ್ಯಗಳಿಗಾಗಿ 1987ರಲ್ಲಿ ಆರಂಭವಾದ ಟಿಇಐ ಪದ್ಧತಿಯಲ್ಲಿ ಸಾಲಿಗೆ ಎಲ್, ಸಾಲುಗಳ ಗುಂಪಿಗೆ ಎಲ್‌ಜಿ ಎಂಬ ಟ್ಯಾಗುಗಳಿವೆ. ಆಗ ಸಾಲು ಎಂಬುದು ಎಂಟರ್ ಕೀಲಿಯ ಗುರುತಾಗಿ ಉಳಿಯದೆ ದತ್ತಾಂಶದ ಭಾಗವೇ ಆಗುತ್ತದೆ. ಸಾಲಿಗೆ ಸಂಖ್ಯೆ ಕೊಡಬಹುದು, ಮೂರನೆಯ ಸಾಲುಗಳನ್ನಷ್ಟೇ ಹುಡುಕಬಹುದು.

ಈಗಾಗಲೇ ಇರುವ ಕಡತಗಳಿಗೆ ಮೊದಲನೆಯ ಉಪಾಯ ಸಾಕು. ಹೊಸದಾಗಿ ಕೃತಿಗಳನ್ನು ಅಳವಡಿಸುವವರು ಮೂರನೆಯದನ್ನೇ ಆಯ್ದುಕೊಳ್ಳುವುದು ಲೇಸು. ಬ್ಯಾಂಕಿನ ಪತ್ರದಲ್ಲಿ ವಿಳಾಸದ ಸಾಲುಗಳು ಕೂಡಿಹೋದರೂ ಅಂಚೆಯವರಿಗೆ ಪಿನ್‌ಕೋಡಿನ ಆಸರೆಯಿದೆ. ಗಮಕಿಗಳಿಗೂ ಕಿವಿಯ ನೆನಪಿನ ಆಸರೆಯಿದೆ. ಆದರೆ ಹೊರನಾಡಿನಲ್ಲಿ ಬೆಳೆದು, ಕುಮಾರವ್ಯಾಸನನ್ನು ಪರದೆಯ ಮೇಲಷ್ಟೇ ಕಾಣುವ ನಮ್ಮ ಮಕ್ಕಳಿಗೆ, ಎಲ್ಲಿ ನಿಲ್ಲಬೇಕೆಂಬುದನ್ನು ಆ ಸಾಲುಗಳೇ ಹೇಳಿಕೊಡಬೇಕು.